ಕಡಲೆ ಬೀಜಕ್ಕೆ ಅರ್ಧ ಗಂಟೆಯ ನೀರು

ಯಲಬುರ್ಗಾ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಬದುಕುವುದು ನೆಲದೊಳಗೆ ಉಳಿದ ಹಸಿಯ ಮೇಲೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಮೇಲಿನ ಮಣ್ಣು ಆರುವುದರೊಳಗೆ ಬೇರು ಕೆಳಗೆ ಇಳಿದಿರಬೇಕು. ನಾವು ಬೀಜ ಗಟ್ಟಿ ಮಾಡಿ, ಅಂದರೆ ನೆನೆಸಿ ಮತ್ತೆ ಒಣಗಿಸಿ ಬಿತ್ತಿ, ಅನ್ನುವುದು ಇದಕ್ಕೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರಿಗೆ "ಬೀಜ ನೆನೆಸಿ ಬಿತ್ರಿ" ಅಂತ ಹೇಳಿ ಬಂದಿದ್ದೆ. ಅವರು ಉಸುಳಿಗೆ ಕಾಳು ನೆನೆಸುವ ಹಾಗೆ ರಾತ್ರಿಯಿಡೀ ನೆನೆಸಿಬಿಟ್ಟರು. ಬೆಳಿಗ್ಗೆ ಹೋಗಿ ನೋಡಿದರೆ ಸಿಪ್ಪೆ ಬಿರಿದು, ಬೇಳೆ ಎರಡಾಗಿ, ಕೂರಿಗೆ ಬಟ್ಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. "ನೀವೇ ಹೇಳಿದ್ರಲ್ರೀ ಮೇಡಂ" ಅಂದರು. ಎಷ್ಟು ಹೊತ್ತು ಅಂತ ನಾನು ಹೇಳಿರಲೇ ಇಲ್ಲ.

ಕಡಲೆಗೆ ಅರ್ಧ ಗಂಟೆ ಸಾಕು. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಅನ್ನುವ ಉಪ್ಪು. ಮೊದಲು ಒಂದು ಮಗ್‌ ನೀರಲ್ಲಿ ಕದಡಿ. ಮಗ್ ಬೆಚ್ಚಗಾದರೆ ಗಾಬರಿ ಬೇಡ, ಆ ಉಪ್ಪಿನ ಗುಣವೇ ಹಾಗೆ. ಪೊಟ್ಟಣ ಬಾಯಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ಸುಮ್ನೆ ನೀರಾಗುತ್ತದೆ, ಬಿಗಿಯಾಗಿ ಕಟ್ಟಿಡಿ. ನೆನೆದ ಬೀಜವನ್ನು ಬಸಿದು, ನೆರಳಲ್ಲಿ ತೆಳ್ಳಗೆ ಹರವಿ ಸುಮಾರು 7 ಗಂಟೆ ಒಣಗಿಸಿ. ಮೊಳಕೆಯ ಒಳಗಿನ ಕೆಲಸ ಶುರುವಾಗಿ, ಬೇರು ಹೊರಗೆ ಬರುವ ಮೊದಲೇ ನಿಂತಿರುತ್ತದೆ. ಮಣ್ಣಿಗೆ ಬಿದ್ದಾಗ ಬೀಜ ಅಲ್ಲಿಂದಲೇ ಮುಂದೆ ಹೋಗುತ್ತದೆ. ಬಿಸಿಲಿಗೆ ಹಾಕಿದರೆ ಅಷ್ಟೂ ಹಾಳು.

ಆಮೇಲೆ ಗಿಡ ಸೊರಗಿ ಸಾಯುವ ಸಿಡಿ ರೋಗಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ, ಅಂದರೆ ಒಂದು ಉಪಕಾರಿ ಶಿಲೀಂಧ್ರದ ಪುಡಿ. ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂ ಕೊನೆಗೆ, ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಬಿತ್ತುವ ದಿನವೇ. ರಾಸಾಯನಿಕ ಔಷಧ ಹಚ್ಚುವುದಿದ್ದರೆ, ನೆನೆಸಿ ಒಣಗಿಸಿದ ಮೇಲೆ, ಈ ಎರಡಕ್ಕಿಂತ ಮೊದಲು ಅದನ್ನು ಹಚ್ಚಿ, ಒಣಗಿಸಿ. ಹಿಂದುಮುಂದಾದರೆ ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾವನ್ನು ನೀವೇ ಕೊಂದ ಹಾಗೆ ಅಲ್ವಾ? ರೈಜೋಬಿಯಂ ಪೊಟ್ಟಣದ ಮೇಲೆ ಕಡಲೆ ಅಂತಲೇ ಇರಬೇಕು. ಶೇಂಗಾಕ್ಕೆ ತಂದು ಉಳಿದದ್ದು ಇದಕ್ಕೆ ನಡೆಯುವುದಿಲ್ಲ. ತಾರೀಖೂ ನೋಡಿ, ಅಂಗಡಿಯಲ್ಲಿ ಅದನ್ನು ಬಿಸಿಲಿಗೆ ಇಟ್ಟಿದ್ದರೆ ಬಿಟ್ಟುಬನ್ನಿ.

ಹಸಿ ಚೆನ್ನಾಗಿದೆ, ಕೂರಿಗೆ ಇವತ್ತೇ ಸಿಕ್ಕಿದೆ ಅನ್ನುವವರಿಗೆ ನೆನೆಸುವುದು ಬಿಡಿ ಅಂತಲೇ ಹೇಳುತ್ತೇನೆ. ಟ್ರೈಕೋಡರ್ಮಾ, ರೈಜೋಬಿಯಂ ಮಾತ್ರ ಬಿಡಬೇಡಿ.

ರೈಜೋಬಿಯಂ ಕೆಲಸ ಆಗಿದೆಯೋ ಇಲ್ಲವೋ ತಿಳಿಯಲು ಹೂ ಬಿಡುವ ಹೊತ್ತಿಗೆ ಒಂದು ಗಿಡದ ಸುತ್ತ ಅಗೆದು, ಮಣ್ಣು ಸಮೇತ ಎತ್ತಿ. ಎಳೆದು ಕಿತ್ತರೆ ಬೇರಿನ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಸಾರಜನಕ ಕೂಡಿಕೊಳ್ಳುತ್ತಿದೆ. ಬಿಳಿಚಿದ್ದರೆ ಆ ಗಂಟು ದುಡಿಯುತ್ತಿಲ್ಲ.