ಬಡಿಸುವವರ ಕೈಗೆ ಕೊಡಬೇಕಾದ ಅಧಿಕಾರ

ಎಷ್ಟೋ ವರ್ಷಗಳ ಹಿಂದೆ ರೆಸ್ಟೋರೆಂಟ್ ಒಂದರಲ್ಲಿ ಮಾಡಿದ ಊಟವನ್ನು ಜನ ನೆನೆಯುವಾಗ, ಆ ದಿನ ತಿಂದದ್ದೇನು ಎಂಬುದು ಅನೇಕರಿಗೆ ಸರಿಯಾಗಿ ನೆನಪಿರುವುದಿಲ್ಲ. ಆದರೆ ತಮ್ಮ ಟೇಬಲ್ಲಿಗೆ ಬಂದ ಸಪ್ಲೈಯರ್ ಏನು ಮಾಡಿದರು ಎಂಬುದನ್ನು ಚಾಚೂ ತಪ್ಪದೆ ಹೇಳುತ್ತಾರೆ. ರೆಸ್ಟೋರೆಂಟ್ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ವೃತ್ತಿಯಾದ್ದರಿಂದ ಇಂಥ ನೆನಪುಗಳನ್ನು ಆಸಕ್ತಿಯಿಂದ ಕೇಳಿಸಿಕೊಳ್ಳುತ್ತೇನೆ. ಅವುಗಳಲ್ಲಿ ನಗುಮುಖದ ಸ್ವಾಗತದ ಪ್ರಸ್ತಾಪ ತೀರ ಕಡಿಮೆ. ಯಾರೋ ಒಬ್ಬರು ತಮ್ಮನ್ನು ಗಮನಿಸಿದರು, ಗಮನಿಸಿದ್ದಕ್ಕೆ ತಕ್ಕಂತೆ ಯಾರ ಅಪ್ಪಣೆಗೂ ಕಾಯದೆ ಏನೋ ಮಾಡಿದರು ಎಂಬುದೇ ಹೆಚ್ಚಿನವುಗಳ ತಿರುಳು.

ನಾನು ಕಣ್ಣಾರೆ ಕಂಡ ಸಂದರ್ಭವೊಂದನ್ನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. ಊಟಕ್ಕೆ ಬಂದ ಕುಟುಂಬವೊಂದರಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರು. ನೀರಿನ ಲೋಟ ಎತ್ತುವಾಗ ಅವರ ಕೈ ನಡುಗಿತು. ಲೋಟವನ್ನು ಎರಡೂ ಕೈಗಳಿಂದ ಹಿಡಿದು ಒಂದು ಗುಟುಕು ಕುಡಿದು, ಬೇಗನೆ ಕೆಳಗಿಟ್ಟು, ಕೈಗಳನ್ನು ಟೇಬಲ್ಲಿನ ಕೆಳಗೆ ಸರಿಸಿಕೊಂಡರು. ಆರ್ಡರ್ ಬರೆದುಕೊಳ್ಳುತ್ತಿದ್ದ ಹುಡುಗಿ ಅದನ್ನು ಕಂಡಳು, ಕಂಡಂತೆ ತೋರಿಸಿಕೊಳ್ಳಲಿಲ್ಲ. ಮುಂದಿನ ಸಲ ನೀರು ಹಾಕುವಾಗ ಆ ಟೇಬಲ್ಲಿನ ಎಲ್ಲ ಲೋಟಗಳಿಗೂ ಅರ್ಧದಷ್ಟೇ ಹಾಕಿದಳು. ಅಡುಗೆಮನೆಗೆ ಹೋಗಿ, ಆ ಟೇಬಲ್ಲಿಗೆ ಹೋಗುವುದನ್ನೆಲ್ಲ ಚಮಚದಲ್ಲಿ ತಿನ್ನುವಷ್ಟು ಸಣ್ಣದಾಗಿ ಹೆಚ್ಚಿಸಿ, ಅಂಚು ಎತ್ತರವಾಗಿರುವ ಬಟ್ಟಲುಗಳಲ್ಲಿ ಹಾಕಿಸಿದಳು, ಅದೂ ಎಲ್ಲರಿಗೂ ಒಂದೇ ಬಗೆಯಲ್ಲಿ. ತಾಯಿಗೆ ಮಾತ್ರ ಬೇರೆ ಪಾತ್ರೆ ಬಂದಿದ್ದರೆ ಅವರು ಮುಚ್ಚಿಟ್ಟುಕೊಳ್ಳಲು ಹೆಣಗುತ್ತಿದ್ದ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅಂದು ಅವರು ಯಾರ ನೆರವನ್ನೂ ಕೇಳದೆ, ಮಾತಾಡುತ್ತಾ, ನಿಧಾನವಾಗಿ ಊಟ ಮಾಡಿದರು.

ಇದನ್ನು ಆ ಹುಡುಗಿಯ ಒಳ್ಳೆಯತನದ ಲೆಕ್ಕಕ್ಕೆ ಬರೆದು ಸುಮ್ಮನಾಗುವ ಮಾಲೀಕರೇ ಹೆಚ್ಚು, ಅದು ನನಗೆ ಒಪ್ಪಿಗೆಯಿಲ್ಲ. ಒಳ್ಳೆಯ ಮನಸ್ಸು ಬೇಕು, ನಿಜ. ಆದರೆ ಅಂದು ಅವಳ ಪಾಲಿಗೆ ನಾಲ್ಕೇ ಟೇಬಲ್ಲುಗಳಿದ್ದವು. ಎಂಟಿದ್ದಿದ್ದರೆ ನಡುಗುವ ಕೈಯನ್ನು ಕಾಣುವಷ್ಟು ಪುರುಸೊತ್ತು ಎಂಥವರಿಗೂ ಸಿಗುತ್ತಿರಲಿಲ್ಲ. ಬಡಿಸುವವರು ಬಂದು ಏನಾದರೂ ಕೇಳಿದರೆ ಕಾರಣ ಕೆದಕದೆ ಮಾಡಿಕೊಡಬೇಕು ಎಂಬ ರೂಢಿ ಅಲ್ಲಿನ ಅಡುಗೆಯವರಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಊಟಕ್ಕೆ ಬಂದವರ ಅನುಕೂಲಕ್ಕಾಗಿ ಯಾವ ಬದಲಾವಣೆಯನ್ನು ತಾನೇ ಮಾಡಬಹುದು, ಯಾವುದಕ್ಕೆ ಮ್ಯಾನೇಜರನ್ನು ಕೇಳಬೇಕು ಎಂಬುದು ಅವಳಿಗೆ ಮೊದಲೇ ಸ್ಪಷ್ಟವಾಗಿ ಗೊತ್ತಿತ್ತು. ಈ ಗೆರೆಯನ್ನು ಎಳೆದುಕೊಡದ ಕಡೆ ಅತ್ಯಂತ ಚುರುಕಾದ ಸಪ್ಲೈಯರ್ ಕೂಡ ಕಂಡರೂ ಕಾಣದವರಂತೆ ಇದ್ದುಬಿಡುತ್ತಾರೆ, ಏಕೆಂದರೆ ಸ್ವಂತ ತೀರ್ಮಾನಕ್ಕೆ ಬೈಗುಳ ಸಿಗುವ ಜಾಗದಲ್ಲಿ ಯಾರೂ ಎರಡನೆಯ ಸಲ ತೀರ್ಮಾನ ಮಾಡಲು ಹೋಗುವುದಿಲ್ಲ.

ಆರ್ಡರ್ ಪಡೆದ ಮೇಲೆ ಅದನ್ನು ಗ್ರಾಹಕರ ಮಾತುಗಳಲ್ಲೇ ಮತ್ತೊಮ್ಮೆ ಹೇಳಿ ಖಚಿತಪಡಿಸಿಕೊಳ್ಳಬೇಕೆಂದು ಎಲ್ಲರಿಗೂ ಕಲಿಸುತ್ತೇನೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ ಎಂಬುದೊಂದು ಲಾಭ. ನೆದರ್ಲೆಂಡ್ಸಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಪದಪದವನ್ನೂ ಪುನರುಚ್ಚರಿಸಿದಾಗ ಗ್ರಾಹಕರು ಕೊಟ್ಟ ಟಿಪ್ಸ್ ಹೆಚ್ಚಿತ್ತು. ತಮ್ಮ ಮಾತನ್ನು ಕೇಳಿಸಿಕೊಂಡಿದ್ದಾರೆ ಎಂಬ ನೆಮ್ಮದಿಗೆ ಜನ ಕೊಡುವ ಬೆಲೆ ಅದೆಂದು ನಾನು ಭಾವಿಸುತ್ತೇನೆ.

ಊಟ ತಡವಾಗುವುದು ಎಲ್ಲ ಕಡೆಯೂ ಇದ್ದದ್ದೇ. ಕಾರಣ ತಿಳಿಯದ, ಇನ್ನೆಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಇದ್ದದ್ದಕ್ಕಿಂತ ದೀರ್ಘವೆನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ಆದರೂ ತಡವಾದಾಗ ಹೆಚ್ಚಿನ ಸಪ್ಲೈಯರ್‌ಗಳು ಆ ಟೇಬಲ್ಲಿನ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟುಬಿಡುತ್ತಾರೆ. ಗ್ರಾಹಕರು ಕೈ ಎತ್ತಿ ಕರೆಯುವ ಮೊದಲೇ ಹೋಗಿ, ‘ಇನ್ನು ಹತ್ತು ನಿಮಿಷ ಬೇಕು, ಈ ಕಾರಣಕ್ಕೆ ತಡವಾಗಿದೆ’ ಎಂದು ಹೇಳಬೇಕು. ಹೇಳಿದ ಹತ್ತು ನಿಮಿಷ ಹನ್ನೆರಡಾಗುವಂತಿದ್ದರೆ ಮತ್ತೆ ಹೋಗಿ ಅದನ್ನೂ ಹೇಳಬೇಕು. ‘ಐದೇ ನಿಮಿಷ’ ಎಂಬ ಬಾಯುಪಚಾರದ ಮಾತು ಹೇಳುವವರಿಗೂ ಕೇಳುವವರಿಗೂ ಸುಳ್ಳೆಂದು ಗೊತ್ತಿರುತ್ತದೆ. ತಪ್ಪು ತಿನಿಸು ಬಂದಾಗಲೂ ಹಾಗೆಯೇ: ಯಾರ ತಪ್ಪೆಂದು ವಿವರಿಸುವುದು ಗ್ರಾಹಕರಿಗೆ ಬೇಡವಾದ ಮಾತು, ಸರಿಯಾದದ್ದು ಯಾವಾಗ ಬರುತ್ತದೆ ಎಂಬುದಷ್ಟೇ ಅವರಿಗೆ ಬೇಕು.

ಊಟದ ಕೊನೆಯ ಭಾಗವನ್ನು ಮಾತ್ರ ನಮ್ಮ ಕ್ಷೇತ್ರ ಬಹಳ ಅಲಕ್ಷಿಸಿದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನ ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಜೊತೆಗೆ, ನೀರು ನಿಧಾನವಾಗಿ 15 ಡಿಗ್ರಿಗೆ ಏರುವ ಇನ್ನೂ 30 ಸೆಕೆಂಡು ಕೈ ಇಟ್ಟರು. ಮತ್ತೆ ಮಾಡಬೇಕೆಂದರೆ ಯಾವುದನ್ನು ಆರಿಸುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ಒಟ್ಟು ಕಷ್ಟ ಹೆಚ್ಚಿದ್ದರೂ ಕೊನೆ ಹಿತವಾಗಿದ್ದದ್ದನ್ನೇ ಮನಸ್ಸು ಮೆಚ್ಚಿತ್ತು. ರೆಸ್ಟೋರೆಂಟಿನಲ್ಲಿ ಆ ಕೊನೆಯೆಂದರೆ ಬಿಲ್. ಎರಡು ಗಂಟೆ ಚೆನ್ನಾಗಿ ನೋಡಿಕೊಂಡು, ಬಿಲ್ ಕೇಳಿದ ಮೇಲೆ ಕಾಲು ಗಂಟೆ ಕಾಯಿಸಿದರೆ, ಮನೆಗೆ ಹೋಗುವಾಗ ಜನ ಮಾತಾಡುವುದು ಆ ಕಾಲು ಗಂಟೆಯನ್ನೇ.

ಆದ್ದರಿಂದ ನಾನು ತರಬೇತಿ ಕೊಡುವ ಕಡೆಗಳಲ್ಲೆಲ್ಲ ಆರ್ಡರ್ ಪಡೆದವರೇ ಬಿಲ್ ತರಬೇಕು ಎಂದು ಕೇಳಿಕೊಳ್ಳುತ್ತೇನೆ. ಕೌಂಟರಿನಿಂದ ಅಪರಿಚಿತರೊಬ್ಬರು ಬಂದು ಬಿಲ್ ಇಟ್ಟುಹೋಗುವುದು ಬೇಡ. ಹಣ ಬಂದ ಮೇಲೂ ಆ ಟೇಬಲ್ ಕುಳಿತವರದೇ. ಅವರು ಎದ್ದು ಹೊರಡುವವರೆಗೆ ಯಾರೂ ಬಟ್ಟೆ ಹಿಡಿದು ಒರೆಸಲು ಬರಬಾರದು, ಹೊರಡುವಾಗ ಅಷ್ಟು ಹೊತ್ತು ಬಡಿಸಿದವರು ಬೇರೆ ಕೆಲಸವನ್ನು ಅರೆಕ್ಷಣ ಬಿಟ್ಟು ಬಾಗಿಲವರೆಗೆ ಬರಬೇಕು.