ಬಂದರಿನ ಜಾಗ ಎಕರೆಯಲ್ಲಿಲ್ಲ, ಗಂಟೆಯಲ್ಲಿದೆ

ನವಿ ಮುಂಬೈನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಅಲ್ಲಿನ ಕಂಟೇನರ್ ಬಂದರು ನಾವಾ ಶೇವಾದ ಮಾತು ಬಂದೇ ಬರುತ್ತದೆ. ಒಬ್ಬರದು ಕಳಂಬೋಲಿಯಲ್ಲಿ ಲಾರಿ ವ್ಯವಹಾರ, ಇನ್ನೊಬ್ಬರದು ಸರಕಿನ ಕಸ್ಟಮ್ಸ್ ಕಾಗದ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ. ಮಾತು ಕೊನೆಗೆ ನಿಲ್ಲೋದು ಒಂದೇ ಕಡೆ. ಜಾಗ ಸಾಲದು, ಇನ್ನೂ ದೊಡ್ಡ ಬಂದರು ಬೇಕು, ಇನ್ನೊಂದಿಷ್ಟು ಕ್ರೇನ್ ಬೇಕು. ಇದನ್ನು ಕೇಳಿದಾಗಲೆಲ್ಲ ನನಗೆ ಸುಮ್ನೆ ಇರೋಕೆ ಆಗುವುದಿಲ್ಲ. ಬಂದರಿನ ಜಾಗವನ್ನು ಎಕರೆಯಲ್ಲಿ ಅಳೆದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಉಳಿದರ್ಧ ಗಂಟೆಯಲ್ಲಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಯಾರ್ಡಿಗೆ, ಅಂದರೆ ಬಂದರಿನೊಳಗೆ ಸರಕು ಇಡುವ ಬಯಲಿಗೆ, ದಿನಕ್ಕೆ 10,000 ಕಂಟೇನರ್ (ಸರಕು ತುಂಬುವ ದೊಡ್ಡ ಉಕ್ಕಿನ ಡಬ್ಬಿ) ಬರುತ್ತವೆ, ಅಷ್ಟೇ ಹೊರಗೆ ಹೋಗುತ್ತವೆ ಅಂದುಕೊಳ್ಳಿ. ಒಂದೊಂದೂ ಸರಾಸರಿ 4 ದಿನ ಅಲ್ಲಿ ಕೂತರೆ, ಯಾವತ್ತು ಹೋಗಿ ಎಣಿಸಿದರೂ ಸುಮಾರು 40,000 ಕಂಟೇನರ್ ಇರುತ್ತವೆ. ಅದೇ 2 ದಿನಕ್ಕೆ ಹೊರಟರೆ 20,000. ಅಂದರೆ ಸಮುದ್ರಕ್ಕೆ ಒಂದು ಬುಟ್ಟಿ ಮಣ್ಣೂ ಹಾಕದೆ ಇನ್ನೊಂದು ಯಾರ್ಡು ಸಿಕ್ಕ ಹಾಗಾಯಿತು. ಒಳಗಿರುವ ಸಂಖ್ಯೆ ಅಂದರೆ ಬರುವ ವೇಗವನ್ನು ಕೂರುವ ಸಮಯದಿಂದ ಗುಣಿಸಿದ್ದು, ಅಷ್ಟೇ. ಇದನ್ನು ಗಟ್ಟಿಯಾಗಿ ಸಾಬೀತು ಮಾಡಿದ್ದು ಅಮೆರಿಕದ ಜಾನ್ ಲಿಟಲ್, 1961ರಲ್ಲಿ. ಯಾವ ಡಬ್ಬಿ ಮೊದಲು ಬಂತು, ಯಾವುದು ಮೊದಲು ಹೋಯಿತು ಅನ್ನೋದೂ ಇದಕ್ಕೆ ಬೇಕಿಲ್ಲ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಊಟ ಮುಗಿಸಿಯೂ ಹರಟೆ ಹೊಡೆಯುತ್ತಾ ಕೂತವರು ಎದ್ದರೆ ಸಾಕು, ಹೊಸ ಮೇಜು ತರುವುದೇ ಬೇಡ, ಅಲ್ವಾ?

ಕೂರುವ ಸಮಯ ಜಾಸ್ತಿಯಾದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಕಾಣುವುದೇ ಇಲ್ಲ. ಜಾಗ ಸಾಲದೆ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಲಾರಿ ಬಂದು ತನ್ನ ಡಬ್ಬಿ ಕೇಳುತ್ತದೆ. ಅದು ರಾಶಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ಮೂರರ ರಾಶಿಯಾದರೆ ಅದರ ಮೇಲೆ 0, 1 ಅಥವಾ 2 ಡಬ್ಬಿ ಇರುತ್ತವೆ, ಸರಾಸರಿ 1. ಐದರ ರಾಶಿಯಾದರೆ 0ಯಿಂದ 4ರವರೆಗೆ, ಸರಾಸರಿ 2. ಎತ್ತರ ದುಪ್ಪಟ್ಟೂ ಆಗಲಿಲ್ಲ, ಆದರೆ ಸುಮ್ನೆ ಎತ್ತಿ ಪಕ್ಕಕ್ಕಿಡುವ ಕೆಲಸ ದುಪ್ಪಟ್ಟಾಯಿತು. ಆ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಆದರೆ ಕ್ರೇನಿನ ಹೊತ್ತು ಅದರಲ್ಲೇ ಹೋಗುತ್ತದೆ. ಪಕ್ಕಕ್ಕಿಟ್ಟ ಡಬ್ಬಿ ಇನ್ನೊಂದು ರಾಶಿಯ ಮೇಲೆ ಕೂರುತ್ತದೆ, ನಾಳೆ ಮತ್ತೆ ಯಾರದೋ ದಾರಿಗೆ ಅಡ್ಡ ಬರುತ್ತದೆ. ಹಾಗಾಗಿ ತುಂಬಿದ ಯಾರ್ಡು ಬರೀ ತುಂಬಿರುವುದಿಲ್ಲ, ನಿಧಾನವೂ ಆಗಿರುತ್ತದೆ. ನಿಧಾನವಾದರೆ ಡಬ್ಬಿ ಇನ್ನೂ ಜಾಸ್ತಿ ಹೊತ್ತು ಕೂರುತ್ತದೆ, ಯಾರ್ಡು ಇನ್ನೂ ತುಂಬುತ್ತದೆ.

ಲಾರಿಗಳು ಒಳಗೆ ಬರುವ ಬಂದರಿನ ಗೇಟಿನಲ್ಲೂ ಇದೇ ಕಥೆ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳಿಗಾಗಿ ಇಂಥ ಸರದಿಯ ಲೆಕ್ಕ ಶುರು ಮಾಡಿದ್ದರು. ಗೊತ್ತು ಗುರಿಯಿಲ್ಲದೆ ಬರುವ ಲಾರಿಗಳಿಗೆ ಒಂದೇ ಗೇಟು, ಒಂದು ಲಾರಿಗೆ ಸರಾಸರಿ 5 ನಿಮಿಷ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಜಾಸ್ತಿ ಅಂದುಕೊಳ್ಳಿ. ಗೇಟು ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ ಸರದಿಯಲ್ಲಿ ಸರಾಸರಿ ಕಾಯುವುದು 20 ನಿಮಿಷ. ಶೇ 90 ಆದರೆ 45. ಶೇ 95 ಆದರೆ 95 ನಿಮಿಷ! ಗೇಟಿನಲ್ಲಿ ಯಾರೂ ಸೋಮಾರಿಯಾಗಲಿಲ್ಲ, ಯಾವ ಯಂತ್ರವೂ ಕೆಡಲಿಲ್ಲ. ಆದ್ದರಿಂದ ಯಾರಾದರೂ ನಮ್ಮಲ್ಲಿ ಒಂದು ನಿಮಿಷವೂ ಯಂತ್ರ ಖಾಲಿ ಇಲ್ಲ ಅಂತ ಹೆಮ್ಮೆಯಿಂದ ಹೇಳಿದರೆ, ಹೊರಗೆ ಲಾರಿಯಲ್ಲಿ ಮಲಗಿರುವ ಚಾಲಕನನ್ನು ಒಮ್ಮೆ ಕೇಳಬೇಕು. ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದವನಾದರೆ ಕನ್ನಡದಲ್ಲೇ ಹೇಳುತ್ತಾನೆ.

ಹಳೆಯ ಬಾಂಬೆಯ ಹಡಗುಕಟ್ಟೆಗಳಲ್ಲಿ (ಡಾಕ್) ಮೂಟೆಗಳನ್ನು ಮನುಷ್ಯರೇ ಹೊತ್ತು ಇಳಿಸುತ್ತಿದ್ದರು. ಪ್ರಿನ್ಸಸ್ ಡಾಕ್ 1880ರದು, ವಿಕ್ಟೋರಿಯಾ ಡಾಕ್ 1888ರದು. ಒಂದು ಹಡಗು ಖಾಲಿಯಾಗಲು ದಿನಗಟ್ಟಲೆ ಬೇಕಿತ್ತು. ಆಮೇಲೆ 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಮಾಲೀಕರು ನೆವಾರ್ಕ್‌ನಿಂದ ಹೂಸ್ಟನ್‌ಗೆ 58 ಡಬ್ಬಿಗಳನ್ನು ಹಡಗಿನಲ್ಲಿ ಕಳಿಸಿದರು. ಒಂದು ಟನ್ ಸರಕು ಹೇರಲು ಸುಮಾರು 6 ಡಾಲರ್ ಆಗುತ್ತಿದ್ದದ್ದು 16 ಸೆಂಟಿಗೆ ಇಳಿಯಿತು. ಇದರ ಖುಷಿಯಲ್ಲಿ ಜಗತ್ತೆಲ್ಲ ಹಡಗಿನ ಕಡೆಗೇ ಕಣ್ಣಿಟ್ಟಿತು, ಗೇಟಿನ ಕಡೆ ನೋಡಿದವರು ಕಡಿಮೆ. ಹಡಗು ದೊಡ್ಡದಾದಷ್ಟೂ ಬಂದರಿಗೆ ಕೆಲಸ ಕಷ್ಟ. ಒಂದೇ ದಿನ ಸಾವಿರಾರು ಡಬ್ಬಿ ಇಳಿಯುತ್ತವೆ, ಆದರೆ ಲಾರಿ ಒಯ್ಯುವುದು ಒಂದೋ ಎರಡೋ.

ನಾವಾ ಶೇವಾ ಶುರುವಾಗಿದ್ದು 1989ರಲ್ಲಿ. ಈಗ ವರ್ಷಕ್ಕೆ 20 ಅಡಿ ಡಬ್ಬಿಯ ಲೆಕ್ಕದಲ್ಲಿ 70 ಲಕ್ಷಕ್ಕೂ ಜಾಸ್ತಿ ಸಾಗಿಸುತ್ತದೆ. ಇಲ್ಲಿ ನನಗೆ ತುಂಬಾ ಇಷ್ಟವಾದ ಸುಧಾರಣೆ ಹೊಸ ಕ್ರೇನ್ ಅಲ್ಲ, ನೇರ ವಿತರಣೆ. ಮೊದಲು ಆಮದಿನ ಡಬ್ಬಿ ಬಂದರಿನಿಂದ ಸುತ್ತಮುತ್ತಲಿನ ಖಾಸಗಿ ಶೇಖರಣಾ ಕೇಂದ್ರಕ್ಕೆ ಹೋಗಿ, ಅಲ್ಲಿ ಕಸ್ಟಮ್ಸ್ ಮುಗಿಸಿ, ಮತ್ತೊಂದು ಲಾರಿ ಹತ್ತುತ್ತಿತ್ತು. ಎರಡು ಸಲ ಇಳಿಸಿ ಹೇರುವುದು, ಎರಡು ಬಾಡಿಗೆ. ನೇರ ವಿತರಣೆಯಲ್ಲಿ ಹಡಗು ಬರುವ ಮೊದಲೇ ಕಾಗದಪತ್ರ ಮುಗಿಸಿ ಡಬ್ಬಿ ಸೀದಾ ಕಾರ್ಖಾನೆಗೆ ಹೋಗಬಹುದು. ಇದರ ಹಿಂದಿನ ಯೋಚನೆ ನಮಗೆ ಹೊಸದೇನಲ್ಲ. ಕಸ್ಟಮ್ಸನ್ನು ಸಮುದ್ರದ ಅಂಚಿನಿಂದ ಒಳನಾಡಿಗೆ ತಂದ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾಗಿದ್ದು ಬೆಂಗಳೂರಿನಲ್ಲಿ, 1981ರಲ್ಲಿ.

ಮಹಾರಾಷ್ಟ್ರದ ಡಹಾಣು ಹತ್ತಿರ ವಾಢವಣ್ ಎಂಬ ಹೊಸ ಬಂದರಿಗೆ 2024ರ ಆಗಸ್ಟಿನಲ್ಲಿ ಶಂಕುಸ್ಥಾಪನೆ ಆಯಿತು. ದೊಡ್ಡ ಹಡಗಿಗೆ ಆಳವಾದ ನೀರು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಂದರನ್ನು ಅಗ್ಗದ ಗೋದಾಮು ಅಂದುಕೊಂಡು, ಬಾಡಿಗೆ ಇಲ್ಲದ ಉಚಿತ ದಿನ ಮುಗಿಯುವವರೆಗೂ ಸರಕು ಅಲ್ಲೇ ಬಿಡುವ ಅಭ್ಯಾಸ ಹೋಗದಿದ್ದರೆ ಅದೂ ತುಂಬುತ್ತದೆ.

ಇನ್ನೊಂದು ವಿಷಯ, ಡಬ್ಬಿ ಎಷ್ಟು ದಿನ ಕೂರುತ್ತದೆ ಅಂತ ಪತ್ರಿಕೆಗಳು ಹಾಕುವ ಸರಾಸರಿಯನ್ನು ಹಾಗೇ ನಂಬಬೇಡಿ. ಹತ್ತು ಡಬ್ಬಿಗಳಲ್ಲಿ ಒಂಬತ್ತು 1 ದಿನಕ್ಕೆ ಹೋದವು, ಒಂದು 21 ದಿನ ಕೂತಿತು ಅಂದುಕೊಳ್ಳಿ. ಸರಾಸರಿ 3 ದಿನ, ಕೇಳಲು ಚೆನ್ನಾಗಿದೆ. ಆದರೆ ಒಟ್ಟು 30 ದಿನಗಳ ಜಾಗದಲ್ಲಿ 21 ದಿನ ತಿಂದದ್ದು ಆ ಒಂದೇ ಡಬ್ಬಿ. ಯಾರ್ಡಿನ ಶೇ 70 ಭಾಗ ಹತ್ತರಲ್ಲಿ ಒಂದು ಡಬ್ಬಿಗೆ ಹೋಯಿತು! ಉಳಿದ ಒಂಬತ್ತನ್ನು ಎಷ್ಟು ಓಡಿಸಿದರೂ ಉಳಿಯುವ ಜಾಗ ಕಡಿಮೆ. ಆ ಒಂದರ ಕಾಗದ ಎಲ್ಲಿ ಸಿಕ್ಕಿಬಿದ್ದಿದೆ ಅಂತ ಹುಡುಕಬೇಕು. ಹುಡುಕೋಕೆ ದಾರಿ ಇದೆ. 2016ರಿಂದ ನಾವಾ ಶೇವಾದ ಕಂಟೇನರ್‌ಗಳಿಗೆ ರೇಡಿಯೋ ಟ್ಯಾಗ್ ಹಾಕುತ್ತಿದ್ದಾರೆ, ಯಾವ ಡಬ್ಬಿ ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಅದರಿಂದ ಗೊತ್ತಾಗುತ್ತದೆ. 30 ದಿನದಲ್ಲಿ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು ಮಾರಲು 1962ರ ಕಸ್ಟಮ್ಸ್ ಕಾಯ್ದೆಯ 48ನೇ ಸೆಕ್ಷನ್ ಕೂಡ ಇದೆ. ಹೊಸ ಕ್ರೇನಿಗೆ ಟೆಂಡರ್ ಕರೆಯುವ ಮೊದಲು ಈ ಎರಡನ್ನೂ ಪೂರ್ತಿ ಬಳಸಲಿ.