ಪಿತೃ ಹೋಗಿ ಆಹಿರ್ ಆಯಿತು: ಗೇಲಿಕ್ ಭಾಷೆಗಳ ಬಗ್ಗೆ ಟಿಪ್ಪಣಿ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಗೇಲಿಕ್ ಅಂದರೆ ಮೂರು ಅಕ್ಕತಂಗಿ ಭಾಷೆಗಳು: ಐರ್ಲೆಂಡಿನ ಐರಿಶ್, ಸ್ಕಾಟ್ಲೆಂಡಿನ ಸ್ಕಾಟಿಷ್ ಗೇಲಿಕ್, ನಡುವಿನ ಐಲ್ ಆಫ್ ಮ್ಯಾನ್ ದ್ವೀಪದ ಮ್ಯಾಂಕ್ಸ್. ಐರಿಶ್ ಅಂದರೆ ಐರ್ಲೆಂಡಿನವರು ಎಳೆದಾಡಿ ಮಾತಾಡುವ ಇಂಗ್ಲಿಷ್ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಇದು ಇಂಡೋ-ಯುರೋಪಿಯನ್ ಕುಟುಂಬದ ಕೆಲ್ಟಿಕ್ ಕವಲು. ಇಂಗ್ಲಿಷ್‌ಗೆ ದೂರದ ನೆಂಟ ಅಷ್ಟೇ.

ಕೆಲ್ಟಿಕ್ ಗುರುತು ಹಿಡಿಯಲು ‘ಪ’ಕಾರ ಹುಡುಕಿ. ಸಂಸ್ಕೃತದಲ್ಲಿ ಪಿತೃ, ಲ್ಯಾಟಿನ್‌ನಲ್ಲಿ ಪಾತೆರ್, ಐರಿಶ್‌ನಲ್ಲಿ ಆಹಿರ್. ಮೊದಲಿನ ‘ಪ’ ಮಾಯ! ಹಳಗನ್ನಡದ ಪಾಲು ನಮಗೆ ಹಾಲಾಯಿತು, ಕೆಲವರ ಬಾಯಲ್ಲಿ ಸುಮ್ನೆ ‘ಆಲು’ ಆಯಿತು ಅಲ್ವಾ? ಹೆಚ್ಚುಕಡಿಮೆ ಅದೇ ದಾರಿ. ಇನ್ನು ಹಳೆಯ ‘ಕ್ವ’ ಧ್ವನಿ ಗೇಲಿಕ್‌ನಲ್ಲಿ ‘ಕ’ ಆಯಿತು, ಪಕ್ಕದ ವೇಲ್ಸ್ ನಾಡಿನ ಕೆಲ್ಟಿಕ್ ಭಾಷೆ ವೆಲ್ಷ್‌ನಲ್ಲಿ ‘ಪ’ ಆಯಿತು. ನಾಲ್ಕಕ್ಕೆ ಐರಿಶ್‌ನಲ್ಲಿ ಕ್ಯಾಹಿರ್, ವೆಲ್ಷ್‌ನಲ್ಲಿ ಪೆಡ್ವರ್. ಪರೀಕ್ಷೆಗೆ ಇದೊಂದು ಜೋಡಿ ನೆನಪಿದ್ದರೆ ಸಾಕು.

ವ್ಯಾಕರಣದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್‌ನ ‘ಹ್ಯಾವ್’ಗೆ ಸರಿಯಾದ ಕ್ರಿಯಾಪದ ಐರಿಶ್‌ನಲ್ಲಿ ಇಲ್ಲ. ‘ನನ್ನ ಹತ್ತಿರ ಪುಸ್ತಕ ಇದೆ’ ಅಂತ ನಾವು ಹೇಳುವ ಹಾಗೇ ಅವರೂ ಹೇಳುತ್ತಾರೆ. ಹೌದು, ಇಲ್ಲ ಅನ್ನಲು ಬೇರೆ ಪದಗಳೂ ಇಲ್ಲ. ‘ಬಂದೆಯಾ?’ ಅಂದರೆ ‘ಬಂದೆ’ ಅನ್ನಬೇಕು. ಕಷ್ಟ ಇರುವುದು ಬೇರೆ ಕಡೆ: ವಾಕ್ಯ ಕ್ರಿಯಾಪದದಿಂದಲೇ ಶುರುವಾಗುತ್ತದೆ.

ಇತಿಹಾಸ ಚುಟುಕಾಗಿ. ಸುಮಾರು 4ನೇ ಶತಮಾನದಿಂದ ಐರ್ಲೆಂಡಿನಲ್ಲಿ ಓಘಮ್ ಲಿಪಿಯ ಕಲ್ಲುಗಳು ಸಿಗುತ್ತವೆ. ಕಲ್ಲಿನ ಅಂಚಿನಲ್ಲಿ ಗೀರುಗಳು, ಹೆಚ್ಚಾಗಿ ಜನರ ಹೆಸರುಗಳು. ಡಾಲ್ ರಿಯಾಟಾ ಎಂಬ ಹಳೆಯ ಗೇಲಿಕ್ ರಾಜ್ಯ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಸಮುದ್ರದ ಎರಡೂ ದಡದಲ್ಲಿತ್ತು. ಗೇಲಿಕ್ ಸ್ಕಾಟ್ಲೆಂಡಿನಲ್ಲಿ ಬೇರುಬಿಟ್ಟ ಕತೆಯಲ್ಲಿ ಅದರ ಹೆಸರು ಬಂದೇ ಬರುತ್ತದೆ. ಲ್ಯಾಟಿನ್‌ನಲ್ಲಿ ‘ಸ್ಕಾಟಿ’ ಅಂದರೆ ಗೇಲಿಕ್ ಜನ. ಸ್ಕಾಟ್ಲೆಂಡಿನ ಹೆಸರು ಬಂದಿದ್ದೇ ಅಲ್ಲಿಂದ. 17ನೇ ಶತಮಾನದವರೆಗೂ ಎರಡೂ ಕಡೆಯ ಕವಿಗಳಿಗೆ ಒಂದೇ ಬರಹದ ಭಾಷೆ ಇತ್ತು. ಆಮೇಲೆ ಇಳಿಕೆ. 1845ರ ನಂತರದ ಐರಿಶ್ ಕ್ಷಾಮದಲ್ಲಿ ಸತ್ತವರಲ್ಲಿ, ಊರು ಬಿಟ್ಟವರಲ್ಲಿ ಐರಿಶ್ ಮಾತಿನ ಬಡವರೇ ಜಾಸ್ತಿ. 1872ರ ಸ್ಕಾಟಿಷ್ ಶಿಕ್ಷಣ ಕಾಯ್ದೆ ಗೇಲಿಕ್‌ಗೆ ಶಾಲೆಯಲ್ಲಿ ಜಾಗವನ್ನೇ ಕೊಡಲಿಲ್ಲ.

ಇವತ್ತಿನ ಅಂಕಿ ಓದುವಾಗ ಹುಷಾರು. ಐರ್ಲೆಂಡಿನ 2022ರ ಜನಗಣತಿಯಲ್ಲಿ 18.7 ಲಕ್ಷ ಜನ ‘ಐರಿಶ್ ಬರುತ್ತದೆ’ ಅಂದರು. ಶಾಲೆಯ ಹೊರಗೆ ದಿನವೂ ಆಡುವವರು 71,968 ಮಾತ್ರ. ಐರಿಶ್ ಅಲ್ಲಿ ಸಂವಿಧಾನದ ಮೊದಲ ಅಧಿಕೃತ ಭಾಷೆ, 2007ರಿಂದ ಯುರೋಪಿಯನ್ ಒಕ್ಕೂಟದಲ್ಲೂ ಅಧಿಕೃತ. ಪಟ್ಟ ಇದೆ, ಅಡುಗೆಮನೆಯಲ್ಲಿ ಮಾತು ಕಡಿಮೆ. ಸ್ಕಾಟ್ಲೆಂಡಿನಲ್ಲಿ 2022ರಲ್ಲಿ ಆಡುವವರು ಸುಮಾರು 70 ಸಾವಿರ, 2011ಕ್ಕಿಂತ ಜಾಸ್ತಿ. ಆದರೆ ಗೇಲಿಕ್‌ನ ತವರಾದ ಪಶ್ಚಿಮದ ದ್ವೀಪಗಳಲ್ಲಿ ಅವರ ಪಾಲು ಅರ್ಧಕ್ಕಿಂತ ಕೆಳಗಿಳಿದಿದೆ.

ಮ್ಯಾಂಕ್ಸ್ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಅದನ್ನು ತಾಯಿನುಡಿಯಾಗಿ ಕಲಿತ ಕೊನೆಯವರು ನೆಡ್ ಮ್ಯಾಡ್ರೆಲ್. ಮೀನುಗಾರರಾಗಿದ್ದ ಅವರು 1974ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರಂಥ ಹಿರಿಯರ ದನಿ ಧ್ವನಿಮುದ್ರಣವಾಗಿತ್ತು, ಕೆಲವರು ಅವರಿಂದಲೇ ಕಲಿತಿದ್ದರು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆಯೇ ಶುರುವಾಯಿತು. 2009ರಲ್ಲಿ ಯುನೆಸ್ಕೋ ಈ ಭಾಷೆಯನ್ನು ‘ಅಳಿದುಹೋದ’ ಪಟ್ಟಿಗೆ ಸೇರಿಸಿದಾಗ, ಆ ಶಾಲೆಯ ಮಕ್ಕಳು ಪತ್ರ ಬರೆದು ಕೇಳಿದರು: ಹಾಗಾದರೆ ನಾವೀಗ ಬರೆಯುತ್ತಿರುವುದು ಯಾವ ಭಾಷೆ? ಯುನೆಸ್ಕೋ ಪಟ್ಟಿ ತಿದ್ದಿತು.